ಪಟ್ಟದ ಗೊಂಬೆ ಸುತ್ತಿದ ರೈಲು

ಗುಂಡ್ಲುಪೇಟೆಗೆ ರೈಲಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇಷ್ಟು ಸಣ್ಣ ಮಾತಿಗೆ ನಮ್ಮ ಮನೆಯಲ್ಲಿ ಒಂದು ದಸರೆಯಿಡೀ ಮುಖಗಳು ಊದಿಕೊಂಡಿದ್ದವು ಎಂದರೆ ನನ್ನ ಜೊತೆ ಕೆಲಸ ಮಾಡುವವರು ನಗುತ್ತಾರೆ. ನಾನು ಸರ್ವೆಯವಳು. ಊರೂರು ತಿರುಗಿ ಜಮೀನು ಅಳೆದು ನಕ್ಷೆ ಬರೆಯುವುದು ನನ್ನ ಹೊಟ್ಟೆಪಾಡು. ಈ ಚಾಳಿ ಎಲ್ಲಿಂದ ಅಂಟಿತು ಎಂದು ಯಾರಾದರೂ ಕೇಳಿದರೆ ಓದಿದ ಕಾಲೇಜಿನ ಹೆಸರು ಹೇಳಿ ಸುಮ್ಮನಾಗುತ್ತೇನೆ. ನಿಜ ಹೇಳಬೇಕೆಂದರೆ ಅದು ಅಂಟಿದ್ದು ಚಾಮರಾಜನಗರದ ನಮ್ಮ ನಡುಮನೆಯಲ್ಲಿ, ಎರಡು ಟ್ರಂಕುಗಳ ಮೇಲೆ ಮಲಗಿಸಿದ್ದ ಒಂದು ಪ್ಲೈವುಡ್ ಹಲಗೆಯ ಪಕ್ಕದಲ್ಲಿ.

ಆ ಮನೆ ಸ್ಟೇಷನ್ನಿಗೆ ಕೂಗಳತೆಯ ದೂರದಲ್ಲಿತ್ತು. ಮುಂದೆ ಒಬ್ಬರು ಕಾಲು ಚಾಚಿ ಕೂರುವಷ್ಟು ಜಗುಲಿ, ಒಳಗೆ ಕೆಂಪು ಗಾರೆಯ ನಡುಮನೆ, ಅದರ ಬಲಕ್ಕೆ ಹೊಗೆ ಹಿಡಿದ ಅಡುಗೆಮನೆ, ಹಿಂದೆ ನುಗ್ಗೆ ಮರದ ಹಿತ್ತಲು. ಇದ್ದವರು ನಾಲ್ವರು: ಅಪ್ಪ, ಅಮ್ಮ, ಅಪ್ಪನನ್ನು ಹೆತ್ತ ಅಜ್ಜಿ, ನಾನು. ಗೋಡೆಯಲ್ಲಿ ಗಡಿಯಾರವಿತ್ತು, ಆದರೆ ಅಜ್ಜಿ ಅದನ್ನು ನಂಬುತ್ತಿರಲಿಲ್ಲ. ಬೆಳಗಿನ ರೈಲು ಕೂಗಿದರೆ ಒಲೆಯ ಹಾಲು ಕೆಳಕ್ಕೆ, ಸಂಜೆಯ ರೈಲು ಕೂಗಿದರೆ ದೇವರಿಗೆ ದೀಪ. ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಬರುವ ರೈಲನ್ನು ಯಾವ ಹಳಿಗೆ ತಿರುಗಿಸಬೇಕೋ ಆ ಹಳಿಗೆ ತಿರುಗಿಸುವ ಕೆಲಸ. ಮೀಟರ್ ಗೇಜ್ ಹಳಿ ಕಿತ್ತು ಅಗಲದ ಬ್ರಾಡ್ ಗೇಜ್ ಹಾಕುತ್ತಾರೆಂದು ರೈಲು ನಿಂತಾಗ ಅಪ್ಪನಿಗೆ ಮೈಸೂರಿಗೆ ಡ್ಯೂಟಿ ಬಿತ್ತು. ರೈಲಿನವನು ಬಸ್ಸಿನಲ್ಲಿ ಓಡಾಡುವಂತಾಯಿತು. ಅಜ್ಜಿಯ ಹಾಲು ದಿನಾ ಉಕ್ಕಿ ಚೆಲ್ಲಿತು. ಹಳಿ ಕಿತ್ತ ಜಾಗದಲ್ಲಿ ಜನ ಬೇಯಿಸಿದ ಅರಿಸಿನ ಒಣಹಾಕತೊಡಗಿದರು. ಅಪ್ಪ ಅದನ್ನು ನೋಡಲಾರದೆ ಸುತ್ತು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದ.

ಅಮ್ಮನ ತವರು ಗುಂಡ್ಲುಪೇಟೆ. ಅಲ್ಲಿ ಅವಳಿಗೆ ಉಳಿದಿದ್ದವನು ತಮ್ಮ ಒಬ್ಬನೇ, ಮಾದೇವ ಮಾವ. ಚೆಂಡುಹೂವು ಬೆಳೆದು ಕೇರಳದ ಲಾರಿಗಳಿಗೆ ತುಂಬುವವನು, ಬಾಯಿಗೆ ಬೀಗವಿಲ್ಲದವನು. ರೈಲು ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಅವನ ಮದುವೆಯಾಯಿತು. ಬೀಗರೂಟದ ದಿನ ಅಪ್ಪ ಡ್ಯೂಟಿ ಮುಗಿಸಿ ತಡವಾಗಿ ಬಂದ. ಪಂಕ್ತಿಯಲ್ಲಿ ಕೂತು ಅನ್ನ ಕಲಸುತ್ತಿದ್ದಾಗ ಮಾವ ಸಾರಿನ ಬಕೆಟ್ಟು ಹಿಡಿದು ಬಂದವನು ನಾಲ್ಕು ಜನಕ್ಕೆ ಕೇಳುವ ಹಾಗೆ ಅಂದ:

"ಏನ್ ಭಾವ, ರೈಲ ತಳ್ಕಂಡು ಬಂದ್ರಾ? ಅದ್ನೂ ಕಿತ್ತಾಕ್ತಾರಂತಲ್ಲ! ಇನ್ಮೇಲೆ ಆ ಬಾವುಟವ ಎಲ್ಲಿ ಬೀಸೀರಿ? ಬನ್ನಿ, ನಮ್ಮ ಹೊಲದಲ್ಲಿ ಕಾಗೆ ಓಡಿಸೀರಂತೆ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಪ್ಪ ಕಲಸಿದ ಅನ್ನ ಬಿಟ್ಟು ಎದ್ದ. ನಮ್ಮ ಕಡೆ ಬೈದರೆ ಮರೆಯುತ್ತಾರೆ, ಹೊಡೆದರೂ ಮರೆಯುತ್ತಾರೆ. ಕಲಸಿದ ಅನ್ನ ಬಿಟ್ಟು ಎದ್ದದ್ದನ್ನು ಎದ್ದವರೂ ಮರೆಯುವುದಿಲ್ಲ, ಬಡಿಸಿದವರೂ ಮರೆಯುವುದಿಲ್ಲ. ಆ ಊರಿಗೆ ಇನ್ನು ಕಾಲಿಡುವುದಿಲ್ಲ ಎಂದ ಅಪ್ಪ. ಅಮ್ಮನಿಗೆ ಮಾತ್ರ "ನೀನು ಬೇಕಾದ್ರೆ ಓಗು" ಎಂದ. ಆ 'ಬೇಕಾದ್ರೆ' ಎಂಥದ್ದೆಂದು ಸಂಸಾರ ಮಾಡಿದ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಿಲ್ಲ. ಅಮ್ಮ ಹೋಗಲಿಲ್ಲ. ಮೊದಲ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಯಾರದೋ ಕೈಯಲ್ಲಿ ಬಂತು. ಎರಡನೆಯ ವರ್ಷ ಅದೂ ಬರಲಿಲ್ಲ. ಆ ದಿನ ಅಮ್ಮ ಸಂಜೆಯವರೆಗೆ ಬೀದಿಬಾಗಿಲು ಮುಂದಕ್ಕೆ ಮಾಡಲಿಲ್ಲ. ಆಮೇಲೆ ಅವಳು ಗುಂಡ್ಲುಪೇಟೆಯ ಹೆಸರೆತ್ತುವುದನ್ನೇ ಬಿಟ್ಟಳು. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅದೇ ವರ್ಷ ದಸರೆಗೆ ಇನ್ನೂ ದಿನಗಳಿರುವಾಗ ಅಪ್ಪ ಮೈಸೂರಿನಿಂದ ನನಗೊಂದು ಆಟದ ರೈಲು ತಂದ. ನಾನಾಗ ಆರನೇ ಕ್ಲಾಸು. ಬ್ಯಾಟರಿ ಹಾಕುವ ಎಂಜಿನ್ನು, ಎರಡು ಬೋಗಿ, ದುಂಡಗೆ ಜೋಡಿಸುವ ಪ್ಲಾಸ್ಟಿಕ್ ಹಳಿ. ನಡುಮನೆಯಲ್ಲಿ ಜೋಡಿಸಿ ಬಿಟ್ಟೆ. ಗರಗರ ಸುತ್ತಿತು. ನನಗೆ ಸ್ವರ್ಗ ಮೂರೇ ಗೇಣು. ಅಪ್ಪ ಎರಡು ಸುತ್ತು ನೋಡಿ ಮುಖ ಸಿಂಡರಿಸಿದ.

"ಇದು ಗಾಣದೆತ್ತು ಕಣಮ್ಮಿ, ರೈಲಲ್ಲ. ರೈಲು ಅಂದ್ರೆ ಒಂದೂರಿಂದ ಇನ್ನೊಂದೂರ್ಗೆ ಓಗ್ಬೇಕು. ತಡಿ, ನಾನು ದಾರಿ ಮಾಡ್ಕೊಡ್ತೀನಿ."

ರಜೆ ಸಿಕ್ಕಿದಾಗಲೆಲ್ಲ ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಹಾಕಿಕೊಂಡು ಗೀಚತೊಡಗಿದ. ಮೇಲೆ ಮೈಸೂರು, ನಡುವೆ ನಂಜನಗೂಡು, ಕೆಳಗೆ ಬಲಗಡೆ ಚಾಮರಾಜನಗರ. ಪ್ಲಾಟ್‌ಫಾರಂ ಎಲ್ಲಿ, ನೀರಿನ ಟ್ಯಾಂಕಿ ಎಲ್ಲಿ, ಹೊಳೆ ದಾಟುವ ಸೇತುವೆ ಎಲ್ಲಿ, ಎಲ್ಲವೂ ಅವನ ತಲೆಯಲ್ಲಿತ್ತು. ನಿಯಮ ಒಂದೇ: ಇರುವುದನ್ನು ಹಾಕಬೇಕು, ಇಲ್ಲದ್ದನ್ನು ಹಾಕಬಾರದು. ಒಂದು ಜಲಪಾತ ಹಾಕೋಣ ಎಂದೆ, ಬೈಸಿಕೊಂಡೆ. ಆನೆಯನ್ನಾದರೂ ನಿಲ್ಲಿಸೋಣ ಎಂದೆ. "ಆನೆ ಯಾವತ್ತು ಟಿಕೆಟ್ ತಗಂಡಿತ್ತು?" ಎಂದ. ಸೈಕಲ್ ಶಾಪಿನಿಂದ ತುಕ್ಕು ಹಿಡಿದ ಕಡ್ಡಿಗಳನ್ನು ತಂದು ಉಜ್ಜಿದ, ಅವೇ ಹಳಿ. ಬಿದಿರು ಸೀಳಿ ಬೆರಳುದ್ದದ ಪಟ್ಟಿ ಮಾಡಿದ. ಅವು ಪ್ಲೈವುಡ್ ಹಲಗೆಯ ಮೇಲೆ ಹಳಿಯ ಕೆಳಗೆ ಹಾಸುವ ಸ್ಲೀಪರ್. ಎರಡು ಹಳಿಗಳ ನಡುವೆ ಎಲ್ಲಿಯೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗಬಾರದೆಂದು ಒಂದು ತಗಡು ಕತ್ತರಿಸಿಟ್ಟುಕೊಂಡಿದ್ದ. ಪ್ರತಿ ಕಡ್ಡಿಗೂ ಆ ತಗಡು ಇಟ್ಟು ನೋಡುವುದು ನನ್ನ ಕೆಲಸ. ಸಡಿಲವಾಗಿದ್ದರೆ "ಸಡಿಲ" ಎನ್ನಬೇಕು, ಬಿಗಿಯಿದ್ದರೆ "ಬಿಗಿ" ಎನ್ನಬೇಕು. ಇವತ್ತಿಗೂ ಹೊಲದಲ್ಲಿ ಅಳತೆಯ ಚೈನು ಹಿಡಿದವರು ಎಳೆದು ನಿಂತಾಗ ನನ್ನ ಬಾಯಲ್ಲಿ ಅದೇ ಎರಡು ಮಾತು ಬರುತ್ತದೆ.

ಇದನ್ನೆಲ್ಲ ಅಜ್ಜಿ ಜಗುಲಿಯ ಕಡೆಯಿಂದ ನೋಡುತ್ತಿದ್ದಳು. ನಮ್ಮ ಕಡೆ ಎಲ್ಲರ ಮನೆಯಲ್ಲೂ ದಸರಾ ಗೊಂಬೆ ಕೂರಿಸುವುದಿಲ್ಲ. ಅಜ್ಜಿ ಮೈಸೂರಿನ ಹೆಣ್ಣು, ಗೊಂಬೆಯ ಹುಚ್ಚು ಅವಳ ಜೊತೆ ಬಂದದ್ದು. ಅಪ್ಪನ ಮದುವೆಯ ಮಾತುಕತೆಯಲ್ಲಿ ಅವಳು ಕೇಳಿದ್ದು ಒಂದು ಜೊತೆ ಪಟ್ಟದ ಗೊಂಬೆಯನ್ನಷ್ಟೆ, ಮರದ ರಾಜ ರಾಣಿ. ಗುಂಡ್ಲುಪೇಟೆಯವರಿಗೆ ಅದರ ತಲೆಬುಡ ಗೊತ್ತಿರಲಿಲ್ಲ. ಆದರೂ ಯಾರ ಕೈಲೋ ಕೆತ್ತಿಸಿ, ಬಣ್ಣ ಬಳಿಸಿ ಕೊಟ್ಟಿದ್ದರು. ರಾಣಿಯ ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದು. ಅಜ್ಜಿ ಆ ಸಲ ಮೆಟ್ಟಿಲು ಕಟ್ಟುವುದು ಬೇಡ, ಅಪ್ಪನ ಹಲಗೆಯ ಮೇಲೆಯೇ ಗೊಂಬೆ ಕೂರಲಿ ಎಂದು ತೀರ್ಮಾನಿಸಿದಳು. ಹಳಿ ಚಾಮರಾಜನಗರದವರೆಗೆ ಬಂದ ದಿನ ಎಂಜಿನ್ನು ಓಡಿಸಿ ತೋರಿಸಿದೆವು. ಅದಕ್ಕೆ ಮುಂದೆ ಹೋಗುವುದು ಗೊತ್ತು, ಹಿಂದೆ ಬರುವುದು ಗೊತ್ತಿಲ್ಲ. ಕೊನೆಗೆ ಬಂದು ಅಡ್ಡಪಟ್ಟಿಗೆ ಢೀ ಕೊಟ್ಟು ಗುರುಗುಟ್ಟುತ್ತ ನಿಂತಿತು.

"ಇದೇನ್ಲಾ, ದೇವ್ರ ಮುಂದೆ ತಲೆ ಚಚ್ಕೊಂಡು ನಿಂತ್ಕತದೆ?" ಎಂದಳು ಅಜ್ಜಿ.

"ನಮ್ದು ಕಡೇ ಸ್ಟೇಷನ್ ಕಣವ್ವ. ಅಲ್ಲಿಂದಾಚ್ಗೆ ಹಳಿ ಎಲ್ಲದೆ?"

"ಅದೆಲ್ಲ ನಂಗೊತ್ತಿಲ್ಲ. ಪಟ್ಟದ ಗೊಂಬೆ ಮಧ್ಯೆ ಕೂರ್ತವೆ. ರೈಲು ಅವ್ನ ಬಲಕ್ಕಾಕ್ಕೊಂಡು ಸುತ್ತು ಬರ್ಬೇಕು. ಇಲ್ದಿದ್ರೆ ಎತ್ತಿ ಹಿತ್ಲಿಗೆ ಎಸ್ದುಬುಡ್ತೀನಿ."

ಅಂದವಳೇ ರಂಗೋಲಿ ಬಟ್ಟಲು ತಂದು ನೆಲದ ಮೇಲೆ ಚುಕ್ಕಿ ಇಟ್ಟಳು. ಅಪ್ಪ ದಾರ, ಮೊಳೆ ಇಟ್ಟುಕೊಂಡು ಒದ್ದಾಡಿ ಎಳೆಯುತ್ತಿದ್ದ ತಿರುವುಗಳನ್ನು ಅವಳು ಎರಡು ಬೆರಳಲ್ಲಿ ಬಿಟ್ಟಳು. ಒಂದೂ ಮುರಿಯಲಿಲ್ಲ. ಮೈಸೂರಿಂದ ನಂಜನಗೂಡು, ಅಲ್ಲಿಂದ ಚಾಮರಾಜನಗರ. ಆಮೇಲೆ ಗೆರೆ ಎಡಕ್ಕೆ ಹೊರಳಿ, ಕೆಳಗಿನ ಮೂಲೆ ಸುತ್ತಿ, ಮತ್ತೆ ನಂಜನಗೂಡಿನ ಪಕ್ಕದಿಂದ ಮೈಸೂರಿಗೆ. ನನಗೆ ಆ ವರ್ಷ ಸ್ಕೂಲಿನಲ್ಲಿ ಜಿಲ್ಲೆಯ ನಕ್ಷೆ ಬಾಯಿಪಾಠವಾಗಿತ್ತು. ಜಾಣತನ ತೋರಿಸುವ ಆಸೆ ಬೇರೆ. ಆ ಎಡಗಡೆಯ ಮೂಲೆಗೆ ಬೆರಳಿಟ್ಟು "ಇಲ್ಲಿ ಗುಂಡ್ಲುಪೇಟೆ ಬರ್ತದೆ" ಎಂದುಬಿಟ್ಟೆ. ಅಡುಗೆಮನೆಯ ಹೊಸ್ತಿಲಲ್ಲಿ ಈಳಿಗೆಮಣೆಯ ಮುಂದೆ ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮನ ಕೈ ನಿಂತಿತು.

"ಗುಂಡ್ಲುಪೇಟೆನೂ ಆಕಿ ಮತ್ತೆ. ಸುತ್ತಂತೂ ಬರ್ಲೇಬೇಕಲ್ಲ," ಎಂದಳು.

"ಗುಂಡ್ಲುಪೇಟೆಗೆ ರೈಲಿಲ್ಲ," ಎಂದ ಅಪ್ಪ. "ಇಲ್ದೇ ಇರೋದ್ನ ನಾನು ಆಕಕ್ಕಿಲ್ಲ."

"ರೈಲಿಲ್ಲ ಅಂತೀರೋ, ಊರೇ ಇಲ್ಲ ಅಂತೀರೋ?"

ಅಪ್ಪ ದಾರ ಸುತ್ತಿಟ್ಟು ಎದ್ದುಹೋದ. ಎರಡು ವರ್ಷದಲ್ಲಿ ಆ ಊರಿನ ಮಾತು ನಮ್ಮ ನಡುಮನೆಯಲ್ಲಿ ಎದ್ದದ್ದು ಅದೇ ಮೊದಲು. ಆ ಹೊತ್ತಿಗೆ ನನಗೆ ಒಂದು ಗೊತ್ತಾಯಿತು: ಅಪ್ಪ ಆ ಮೂಲೆಯಲ್ಲಿ ಒಂದು ಸ್ಟೇಷನ್ ಇಟ್ಟರೆ ಅಮ್ಮ ತವರಿಗೆ ಹೋಗಬಹುದು, ಇಡದಿದ್ದರೆ ಇಲ್ಲ. ಮಕ್ಕಳ ಲೆಕ್ಕ ಅಷ್ಟೇ ನೇರ. ಪಟ್ಟದ ಗೊಂಬೆಗೆ ಕೈ ಮುಗಿದು ಕೇಳಿಕೊಂಡೆ. ಅವೂ ಗುಂಡ್ಲುಪೇಟೆಯವೇ ತಾನೆ, ಅವಕ್ಕೂ ಊರಿನ ನೆನಪು ಇರಬಹುದು ಎಂದುಕೊಂಡೆ.

ಮುಂದಿನ ರಜೆಗೆ ಬಂದಾಗ ಅಪ್ಪನ ಕೈಯಲ್ಲಿ ಕೋಳಿಗೂಡಿಗೆ ಹಾಕುವ ತಂತಿಬಲೆಯ ಸುರುಳಿಯಿತ್ತು. ಆ ಎಡಗಡೆಯ ಮೂಲೆಯಿಡೀ ಮುಚ್ಚುವ ಹಾಗೆ ಬಲೆಯನ್ನು ಗುಡ್ಡದಾಕಾರಕ್ಕೆ ಬಗ್ಗಿಸಿದ. ಮೇಲೆ ಮೈದಾಹಿಟ್ಟಿನ ಗಂಜಿಯಲ್ಲಿ ಅದ್ದಿದ ಪೇಪರು ಮೆತ್ತಿದ. ರೈಲು ಚಾಮರಾಜನಗರ ಬಿಟ್ಟು ಬೆಟ್ಟದೊಳಕ್ಕೆ ಹೋದರೆ ನಂಜನಗೂಡಿನ ಹತ್ತಿರ ಆಚೆಗೆ ಬರುತ್ತಿತ್ತು. ಅಜ್ಜಿಗೆ ಪ್ರದಕ್ಷಿಣೆ ಸಿಕ್ಕಿತು. ಅಪ್ಪನಿಗೆ ಸುಳ್ಳು ಹೇಳುವುದು ತಪ್ಪಿತು. ಒಳಗೆ ಏನಿದೆಯೋ ಯಾರಿಗೂ ಕಾಣುವುದಿಲ್ಲವಲ್ಲ. ನನಗೆ ಸುರಂಗ ಸಿಕ್ಕಿದ ಖುಷಿ. ಅಮ್ಮನಿಗೆ ಮಾತ್ರ ಏನೂ ಸಿಗಲಿಲ್ಲ. ಅಪ್ಪನ ಪಕ್ಕದಲ್ಲಿ ಕಾಫಿ ಲೋಟ ಇಟ್ಟಳು, ಬೆಟ್ಟವನ್ನು ಒಂದು ಗಳಿಗೆ ನೋಡಿದಳು, ಒಳಗೆ ಹೋದಳು. ಅವಳ ಊರಿನ ಮೇಲೆ ಗಂಜಿ ಮೆತ್ತಲು ಪೇಪರು ಹರಿದು ಹರಿದು ಕೊಟ್ಟವಳು ನಾನೇ.

ಗೊಂಬೆ ಕೂರಿಸುವ ಹಿಂದಿನ ದಿನ ಅಜ್ಜಿ ಹಲಗೆಯ ತುಂಬ ಕೆಮ್ಮಣ್ಣು ಹರವಿ ರಾಗಿ ಚೆಲ್ಲಿದಳು. ಗೊಂಬೆಗಳ ಕಾಲಡಿಯಲ್ಲಿ ರಾಗಿ ಪೈರು ಎದ್ದರೆ ಅದೇ ಹೊಲ, ಅದೇ ಕಾಡು. ಯಾವ ದಸರೆಯಲ್ಲೂ ತಪ್ಪಿಸಿದ್ದಿಲ್ಲ. ಹಿಂದೆಲ್ಲ ಅದನ್ನು ತಟ್ಟೆಗಳಲ್ಲಿ ಬೆಳೆಸುತ್ತಿದ್ದಳು, ಈ ಸಲ ಹಲಗೆಯ ಮೇಲೇ ಬೆಳೆಸಿದಳು. ಅಪ್ಪ ಡ್ಯೂಟಿಗೆ ಹೋಗಿಯಾಗಿತ್ತು. ದಸರೆಯ ಜನಜಂಗುಳಿಯಲ್ಲಿ ಅವನಿಗೆ ರಜೆ ಸಿಗುವುದು ಆರನೆಯ ದಿನಕ್ಕೇ. ನೀರು ಚಿಮುಕಿಸುವ ಕೆಲಸ ನನಗೆ ಬಿತ್ತು. ಅಜ್ಜಿ ಹೇಳಿದ್ದು ಕೈಯಲ್ಲಿ ಚಿಮುಕಿಸು ಎಂದು. ಅಮ್ಮ ಮೆಲ್ಲಗೆ ಬಂದು ಕಿವಿಯಲ್ಲಿ ಬೇರೆ ಹೇಳಿದಳು:

"ಆ ಬೆಟ್ಟದ ಸುತ್ತ ಚೆಂದಾಗಿ ನೀರಾಕು ಕಣಮ್ಮಿ. ನಮ್ಮೂರ ಕಡೆ ಹಸ್ರು ಜಾಸ್ತಿ."

ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಸುರಿದೆ. ಆರನೆಯ ದಿನಕ್ಕೆ ಮೈಸೂರಿನಲ್ಲಿ ರಾಗಿ ಅರ್ಧ ಬೆರಳು, ಬೆಟ್ಟದ ಸುತ್ತ ಬೆರಳುದ್ದ. ಆ ಸಂಜೆ ಬೀದಿಯ ಹೆಂಗಸರು ಮಕ್ಕಳೆಲ್ಲ ಗೊಂಬೆ ನೋಡಲು ಬಂದರು. ಅಪ್ಪ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಡ್ಯೂಟಿಯ ಹಸಿರು ಬಾವುಟವನ್ನೇ ಹಿಡಿದು ನಿಂತ. ಬಾವುಟ ಬೀಸಿದ. ನಾನು ಎಂಜಿನ್ನಿನ ಗುಂಡಿ ಒತ್ತಿದೆ. ರೈಲು ನಂಜನಗೂಡು ದಾಟಿ, ಚಾಮರಾಜನಗರ ದಾಟಿ, ಬೆಟ್ಟದೊಳಕ್ಕೆ ಹೋಯಿತು. ಆಚೆಗೆ ಬರಲಿಲ್ಲ. ಎಲ್ಲರೂ ನಂಜನಗೂಡಿನ ಕಡೆಯ ತೂತನ್ನೇ ನೋಡುತ್ತ ನಿಂತರು. ಒಳಗೆ ಗುರ್‍ರೆನ್ನುವ ಸದ್ದು ಮಾತ್ರ. "ಅಜ್ಜಿ, ರೈಲು ಎಲ್ಲೋಯ್ತು?" ಎಂದಿತು ಒಂದು ಕೂಸು.

ಅಪ್ಪ ತೂತಿನೊಳಕ್ಕೆ ತೋಳು ತುರುಕಿದ, ಎಟುಕಲಿಲ್ಲ. ಬಗ್ಗಿ ಹಲಗೆಯ ಅಡಿ ನೋಡಿದ. ಪ್ಲೈವುಡ್ಡು ನೀರು ಕುಡಿದು ಪದರ ಪದರವಾಗಿ ಉಬ್ಬಿತ್ತು. ನಾವು ತಗಡು ಇಟ್ಟು ಇಟ್ಟು ಕೂರಿಸಿದ ಹಳಿಗಳು ಅಗಲವಾಗಿ ಹೋಗಿದ್ದವು.

"ಯಾರು ಇಷ್ಟು ನೀರು ಉಯ್ದಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕಡಲೆಕಾಳಿನ ಉಸ್ಲಿಯ ಪಾತ್ರೆ ಕೆಳಗಿಟ್ಟು ಮುಂದೆ ಬಂದಳು.

"ನಾನೇ ಉಯ್ಸಿದ್ದು," ಎಂದಳು. ಹಲಗೆಯ ಮುಂದೆ ಮಂಡಿಯೂರಿ ಬೆಟ್ಟವನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತಳು. ಒದ್ದೆ ಪೇಪರು, ಕೆಮ್ಮಣ್ಣು, ರಾಗಿಯ ಬೇರು, ತಂತಿ ಎಲ್ಲ ಒಟ್ಟಿಗೆ ಕಳಚಿಕೊಂಡು ಬಂತು. ಕೆಳಗೆ ಎಂಜಿನ್ನು ಮಗ್ಗುಲಾಗಿ ಬಿದ್ದು ಗಾಲಿ ತಿರುಗಿಸುತ್ತಿತ್ತು.

"ನೋಡ್ಕಳಿ. ಸಿಕ್ಕಾಕ್ಕಂಡಿರೋದು ನಮ್ಮೂರಲ್ಲೇ. ನೀವು ಮುಚ್ಬುಟ್ರೆ ಊರು ಎಲ್ಲಿಗೋದಾದು? ನಂಗೆ ಅಲ್ಲೊಬ್ಬ ತಮ್ಮ ಅವ್ನೆ. ಎರಡು ವರ್ಸ ಆಯ್ತು ಅವ್ನ ಮುಖ ನೋಡಿ."

ಅಮ್ಮ ಜೋರಾಗಿ ಮಾತಾಡಿದ್ದನ್ನು ಬೀದಿಯವರು ಅದೇ ಮೊದಲು ಕೇಳಿದ್ದು. ಅಜ್ಜಿ ಸರಸರನೆ ಎಲ್ಲರ ಕೈಗೂ ದೊನ್ನೆ ಉಸ್ಲಿ ತುರುಕಿ, ಕುಂಕುಮ ಹಚ್ಚಿ, ಬೀದಿಬಾಗಿಲ ತನಕ ಕಳಿಸಿ ಬಂದಳು. ಬಂದವಳು ಮಗನ ಮುಂದೆ ನಿಂತು ಒಂದೇ ಮಾತು ಹೇಳಿದಳು, "ಅವ್ಳ ಗೊಂಬೆ ಬೇಕು ಕಣ್ಲಾ ನಮ್ಗೆ, ಅವ್ಳ ಊರು ಬ್ಯಾಡ್ವಾ?" ಅಪ್ಪ ಕೈಯಲ್ಲಿದ್ದ ಬಾವುಟವನ್ನು ಮಡಿಚುತ್ತಲೇ ಕೂತಿದ್ದ.

ಮರುದಿನ ಬೆಳಿಗ್ಗೆ ಅವನು ರೈಲಿನ ದಾರಿ ಹೊಸದಾಗಿ ಗೀಚಿದ ಒಂದು ಕ್ಯಾಲೆಂಡರ್ ಹಾಳೆ, ಒಂದು ಪೆನ್ಸಿಲ್ ತೆಗೆದುಕೊಂಡು, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ನನಗೆ ಹೇಳಿದ:

"ನಡಿಯಮ್ಮಿ, ಗುಂಡ್ಲುಪೇಟೆಗೆ ಓಗ್ಬರನ. ನೋಡ್ದೆ ಅಳೀದೆ ಸ್ಟೇಷನ್ ಎಂಗೆ ಆಕದು?"

ಅಡುಗೆಮನೆಯಿಂದ ಒಗ್ಗರಣೆ ಸೀದ ವಾಸನೆ ಬಂತು. ಅಪ್ಪ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದ. ಇಳಿದ ಮೇಲೆ ಬಸ್ ಸ್ಟ್ಯಾಂಡಿನ ಗೇಟಿಗೆ ಬೆನ್ನು ಕೊಟ್ಟು ನಿಂತು, ಹೆಜ್ಜೆ ಎಣಿಸುತ್ತ ಹೊರಟ. ಟೀ ಅಂಗಡಿಗೆ ನಲವತ್ತು, ಮಲಯಾಳಂ ಬೋರ್ಡಿನ ಬೇಕರಿಗೆ ನೂರ ಹತ್ತು. ನಾನು ಬರೆದುಕೊಳ್ಳುತ್ತ ಹಿಂದೆ ಓಡಿದೆ. ಮಾವನ ಮನೆ ಕಣ್ಣಿಗೆ ಬೀಳುತ್ತಿದ್ದ ಹಾಗೆ ಅಪ್ಪ ನಿಂತುಬಿಟ್ಟ. "ತಪ್ಪೋಯ್ತು, ಇನ್ನೊಂದ್ಸಲ" ಎಂದು ಮತ್ತೆ ಬಸ್ ಸ್ಟ್ಯಾಂಡಿಗೆ ನಡೆದ. ಎರಡನೆಯ ಸಲವೂ ಅದೇ ಜಾಗದಲ್ಲಿ ಲೆಕ್ಕ ತಪ್ಪಿತು. ನನ್ನ ಲೆಕ್ಕ ಸರಿಯಾಗಿಯೇ ಇತ್ತು, ಹೇಳಲು ಹೋಗಲಿಲ್ಲ. ಮೂರನೆಯ ಸಲ ಬರುವಾಗ ಮಾದೇವ ಮಾವ ಜಗುಲಿಯಿಂದಿಳಿದು ರಸ್ತೆಗೇ ಬಂದು ನಿಂತಿದ್ದ.

"ಏನ್ ಭಾವ, ಬೆಳಗ್ಗಿಂದ ರಸ್ತೆ ಅಳೀತಾ ಇದ್ದೀರಿ?"

"ಸ್ಟೇಷನ್‌ಗೆ ಜಾಗ ನೋಡ್ತಾ ಇವ್ನಿ," ಎಂದ ಅಪ್ಪ.

ಮಾವ ನನ್ನ ಕೈಯಲ್ಲಿದ್ದ ಹಾಳೆ ತೆಗೆದುಕೊಂಡು ನೋಡಿದ. ಮೈಸೂರು, ನಂಜನಗೂಡು, ಚಾಮರಾಜನಗರ, ಆಮೇಲೆ ಅವನ ಊರು. ಹಾಳೆಯನ್ನು ಮಡಿಚದೆ ಹಾಗೆಯೇ ನನಗೆ ವಾಪಸು ಕೊಟ್ಟ.

"ಆವತ್ತು ನಾನಾಡಿದ್ದು ತಪ್ಪು ಭಾವ. ಈ ಸಲ ಗೌರಿ ಹಬ್ಬಕ್ಕೆ ಬಾಗಿನ ಇಡ್ಕಂಡು ನಿಮ್ಮೂರ ಬಸ್ ಸ್ಟ್ಯಾಂಡ್‌ಗಂಟ ಬಂದಿದ್ದೆ. ನಿಮ್ಮ ಮುಖ ನೋಡಕ್ಕೆ ಧೈರ್ಯ ಸಾಲ್ದೆ ವಾಪಸ್ ಓಗ್ಬುಟ್ಟೆ."

"ನಂದೂ ತಪ್ಪದೆ ಬುಡು, ಮಾದೇವ," ಎಂದ ಅಪ್ಪ. ಉಳಿದ ಹೆಜ್ಜೆ ಹಾಕಿ ಮಾವನ ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದ. "ಬಾಗಿಲಿಗೆ ಎಷ್ಟಾಯ್ತಮ್ಮಿ?"

"ನಾನೂರ ಹನ್ನೆರಡು."

"ಬರ್ಕೊ."

ಸಂಜೆ ನಾವು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು. ಮಾವ ಕೊಟ್ಟ ಹೂವಿನ ಬುಟ್ಟಿಯನ್ನು ತೆಗೆದುಕೊಳ್ಳಲಿಲ್ಲ, ಮೊದಲು ಹಾಳೆಗೆ ಕೈ ಚಾಚಿದಳು. ಬೆರಳಿಟ್ಟು ಒಂದೊಂದೇ ಓದಿದಳು.

"ನಾನೂರ ಹನ್ನೆರಡಾ? ಅದೆಂಗಾದಾದು? ಐನೂರಕ್ಕೆ ಕಮ್ಮಿ ಇಲ್ಲ. ನಾನು ಸ್ಕೂಲಿಗೋಗ್ತಿದ್ದ ದಾರಿ ಅದು."

"ನನ್ನ ಕಾಲು ಉದ್ದ."

"ಸುಳ್ಳು ಲೆಕ್ಕ!" ಎಂದಳು ಅಮ್ಮ. ಅಷ್ಟಕ್ಕೇ ಅವಳಿಗೆ ಅಳು ಬಂತು. ಅಳುತ್ತಲೇ ಬೈದಳು: ಎರಡು ವರ್ಷ, ಎರಡು ಗೌರಿ ಹಬ್ಬ, ಒಂದು ಹಿಡಿ ಕಲಸಿದ ಅನ್ನಕ್ಕೆ ಇಷ್ಟಾ ಎಂದು. ಅಪ್ಪ ಚಪ್ಪಲಿ ಬಿಡದೆ ನಿಂತುಕೊಂಡು ಪೂರ್ತಿ ಕೇಳಿಸಿಕೊಂಡ.

"ಅಂಗಾದ್ರೆ ನಾಳೆ ನೀನೇ ಓಗಿ ಎಣ್ಸ್ಕೊಂಡು ಬಾ," ಎಂದ. ಈ ಸಲ 'ಬೇಕಾದ್ರೆ' ಎನ್ನಲಿಲ್ಲ.

ಅಮ್ಮ ನನ್ನನ್ನೂ ಕರೆದೊಯ್ಯಲಿಲ್ಲ. ಒಬ್ಬಳೇ ಹೋಗುತ್ತೇನೆ ಎಂದಳು. ವಿಜಯದಶಮಿಯ ದಿನ ಪಟ್ಟದ ಗೊಂಬೆ ಮಲಗಿಸುವಷ್ಟರಲ್ಲಿ ಬಂದುಬಿಡು ಎಂದು ಅಜ್ಜಿ ಹೇಳಿ ಕಳಿಸಿದ್ದಳು. ಅಮ್ಮ ಬಂದದ್ದು ಒಂದು ದಿನ ತಡವಾಗಿ. ಅಜ್ಜಿ ಗೊಣಗುತ್ತಲೇ ರಾಜ ರಾಣಿಯನ್ನು ಇನ್ನೊಂದು ದಿನ ಎಚ್ಚರವಾಗಿ ಕೂರಿಸಿದ್ದಳು. ಅಪ್ಪ ಹಲಗೆಯ ಅಡಿಗೆ ಪಟ್ಟಿ ಹೊಡೆದು, ಹಳಿ ಬಿಗಿದು, ಬೆಟ್ಟವಿದ್ದ ಕಡೆ ಪುಟ್ಟ ಪ್ಲಾಟ್‌ಫಾರಂ ಮಾಡಿ, ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರದಲ್ಲಿ ಗುಂಡ್ಲುಪೇಟೆ ಎಂದು ಬರೆದಿದ್ದ. ಅಮ್ಮ ಬ್ಯಾಗು ಇಳಿಸುವುದಕ್ಕೆ ಮೊದಲೇ ಪೆನ್ಸಿಲ್ ಹಿಡಿದು ಕೇಳಿದ:

"ಎಷ್ಟಾಯ್ತು ಹೆಜ್ಜೆ?"

"ಎಣ್ಸಕ್ಕೆ ಎಲ್ಲಿ ಪುರ್ಸೊತ್ತಿತ್ತು?" ಎಂದಳು ಅಮ್ಮ. "ಬಸ್ಸಿಳಿದೋಳು ಓಡೋಗ್ಬುಟ್ಟೆ."